ಚುಟ್ಟಾ ಚಾಚಾರ ಮೂಗು

ಅವರ ಮುಖದಲ್ಲಿ ಮೊದಲು ಕಾಣುತ್ತಿದ್ದದ್ದು ಮೂಗು; ಉಳಿದದ್ದೆಲ್ಲ ಆಮೇಲೆ. ಉದ್ದಕ್ಕೆ ಇಳಿದು, ತುದಿಯಲ್ಲಿ ತುಸು ಎಡಕ್ಕೆ ಬಾಗಿದ, ಎಲುಬು ಎದ್ದು ಕಾಣುವ ಮೂಗು. ಏನನ್ನಾದರೂ ಮೂಸುವಾಗ ಅದರ ಎರಡೂ ಹೊಳ್ಳೆಗಳು ಸಣ್ಣಗೆ ನಡುಗುತ್ತಿದ್ದವು, ಹುಬ್ಬು ಮೇಲೇರುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಅಂಗಡಿಯ ಮುಂದೆ ಟ್ರ್ಯಾಕ್ಟರ್ ನಿಂತು ಹಾರ್ನ್ ಹೊಡೆದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಮೂಸುವುದು ಮುಗಿದ ಮೇಲೆ ಕಣ್ಣು ತೆರೆದು, ಊರಿಗೆ ಹೋಗಿ ಬಂದವರ ಹಾಗೆ ನಮ್ಮನ್ನು ನೋಡಿ, "ಹಾಂ, ಏನಂದ್ರಿ?" ಎನ್ನುತ್ತಿದ್ದರು.

ಸವಣೂರಿನ ಪೇಟೆಯಲ್ಲಿ ಕುರುಕಲು ಖಾರ ಕರಿದು ಮಾರುವ ಅಂಗಡಿಯ ಪಕ್ಕದ ಸಣ್ಣ ಮಳಿಗೆ ಅವರದು. ಇಬ್ಬರು ಕುಳಿತರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಚುಟ್ಟಾ ಚಾಚಾ ಎಂದರೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಸೇದುವವರಿಗೆಲ್ಲ ಗೊತ್ತು. ಪೇಟೆಯ ದೊಡ್ಡವರು ಸಿಗಾರ್ ಎನ್ನುವುದನ್ನೇ ನಮ್ಮ ಕಡೆ ಚುಟ್ಟಾ ಎನ್ನುವುದು. ಅದಕ್ಕೆ ಕಾಗದವಿಲ್ಲ, ತಂಬಾಕಿನ ಎಲೆಯೊಳಗೆ ತಂಬಾಕಿನ ಎಲೆಯನ್ನೇ ಇಟ್ಟು ಸುತ್ತಿದ್ದು. ಚಾಚಾ ಬೀಡಿ ಇಡಲಿಲ್ಲ, ಸಿಗರೇಟು ಇಡಲಿಲ್ಲ, ಗುಟಕಾ ಕೇಳಿ ಬಂದವರನ್ನು ನೊಣ ಓಡಿಸುವ ಹಾಗೆ ಓಡಿಸುತ್ತಿದ್ದರು. ಗೋದಾವರಿ ಕಡೆಯಿಂದ, ದಿಂಡಿಗಲ್ ಕಡೆಯಿಂದ ಬರುವ ಚುಟ್ಟಾ ಕಟ್ಟುಗಳನ್ನು ಮರದ ಪೆಟ್ಟಿಗೆಗಳಲ್ಲಿಟ್ಟು, ಎಲೆ ಒಣಗಬಾರದೆಂದು ಮೂಲೆಗೊಂದು ಒದ್ದೆ ಇಟ್ಟಿಗೆ ಚೂರು ಇಡುತ್ತಿದ್ದರು. ತಾವು ಸೇದುತ್ತಿದ್ದದ್ದು ಮಧ್ಯಾಹ್ನದ ನಮಾಜು ಮುಗಿಸಿ ಬಂದ ಮೇಲೆ ಒಂದೇ ಒಂದು, ಅದೂ ಅರ್ಧ.

ಅವರ ಹೆಮ್ಮೆಯೆಲ್ಲ ಇದ್ದದ್ದು ಒಂದೇ ಕೆಲಸದಲ್ಲಿ: ಹೊಸಬರಿಗೆ ಮೊದಲನೆಯ ಚುಟ್ಟಾ ಆರಿಸಿ ಕೊಡುವುದು. "ಹಳಬರು ಚಟಕ್ಕ ಬರ್ತಾರ, ಅವರಿಗೆ ಯಾರರ ಕೊಟ್ಟಾರು. ಹೊಸಬರನ್ನ ಸಂಬಾಳಿಸೂದು ನೋಡ್ರಿ ಅಂಗಡಿಕಾರನ ಕೆಲಸ. ಅದು ನನ್ನ ಕೈಲೆ ಆಗೂದಿಲ್ಲ ಅಂದ ದಿನ ಬಾಗಲಾ ಹಾಕಿ ಮನಿಗೆ ಹೋಗ್ತೇನಿ" ಎಂದು ನನ್ನೆದುರೇ ಎಷ್ಟೋ ಸಲ ಹೇಳಿದ್ದರು. ಆದರೆ ಕಾಲೇಜು ಹುಡುಗರು ಹೊಸಬರೆಂದು ಬಂದರೆ ಈ ಹೆಮ್ಮೆ ಕೆಲಸಕ್ಕೆ ಬರುತ್ತಿರಲಿಲ್ಲ. "ನಿಮ್ಮಪ್ಪನ್ನ ಕರಕೊಂಡ ಬರ್ರಿ, ಇಬ್ಬರಿಗೂ ಕೂಡೇ ತೋರಸ್ತೇನಿ" ಎಂದು ಕಳಿಸಿಬಿಡುತ್ತಿದ್ದರು.

ನಾನು ಹತ್ತಿಮತ್ತೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಚುಟ್ಟಾಕ್ಕೂ ನನಗೂ ಏನೇನೂ ಸಂಬಂಧವಿರಲಿಲ್ಲ, ನಮ್ಮೂರಿನ ನಾಟಕದವರು ನನಗೆ ಸಾಹುಕಾರನ ಪಾತ್ರ ಕೊಡುವವರೆಗೆ. ಆ ಸಾಹುಕಾರ ಮೂರು ಅಂಕಗಳಲ್ಲೂ ಚುಟ್ಟಾ ಸೇದುತ್ತಲೇ ಜನರ ಹೊಲ ಹೊಡೆದುಕೊಳ್ಳುವವನು. ಹಿಂದೆ ಆ ಪಾತ್ರ ಮಾಡುತ್ತಿದ್ದ ಹಿರಿಯರು ಖರೇ ಚುಟ್ಟಾ ಸೇದಿ ಹೆಸರು ಮಾಡಿದ್ದರು. ನಾನು ತಾಲೀಮಿನಲ್ಲಿ ಕಾಗದದ ಸುರುಳಿಯೊಳಗೆ ಊದುಬತ್ತಿ ಸಿಕ್ಕಿಸಿಕೊಂಡು ಬಂದೆ. ನಾಟಕ ಕಲಿಸುವ ಮಾಸ್ತರರು ನೋಡಿ, "ಸಾಹುಕಾರ ಪೂಜಾಕ್ಕ ಹೊಂಟಂಗ ಕಾಣತೈತಲ್ಲೋ" ಎಂದರು. ಎಲ್ಲರೂ ನಕ್ಕರು. ಮರುದಿನವೇ ಸವಣೂರಿನ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಅತ್ಯಂತ ದಪ್ಪ, ಅತ್ಯಂತ ಕಪ್ಪು ಚುಟ್ಟಾದ ಮೇಲೆ ಬೆರಳಿಟ್ಟು, "ಇದನ್ನ ಕೊಡ್ರಿ" ಎಂದೆ.

"ಮೊದಲನೇ ಸಲಾನ್ರಿ?"

"ಹೌದ್ರಿ. ನಾಟಕಕ್ಕ. ಹಿಂದಿನ ಸಾಲಿನವರಿಗೂ ಕಾಣಬೇಕಲ್ರಿ."

"ನೋಡವ್ರು ಹಿಂದಿನ ಸಾಲಿನ್ಯಾಗ ಕುಂತಿರ್ತಾರ. ಸೇದವ್ರು ನೀವು" ಎಂದವರೇ, "ಕೈ ಕೊಡ್ರಿ ಇಲ್ಲೆ" ಎಂದು ನನ್ನ ಬಲಗೈ ಹಿಡಿದು ಅಂಗೈಯನ್ನು ಮೂಗಿಗೆ ಹಿಡಿದರು. ಹೊಳ್ಳೆ ನಡುಗಿತು, ಕಣ್ಣು ಮುಚ್ಚಿತು. ಮೆಟ್ಟಿಲ ಮೇಲೆ ನಿಂತ ಇನ್ನೊಬ್ಬ ಗಿರಾಕಿಯ ಎದುರು ನನಗೆ ನಾಚಿಕೆ. ಕೈ ಎಳೆದುಕೊಳ್ಳೋಣವೆಂದರೆ ಬಿಡಲಿಲ್ಲ.

"ಗಿರಣಿಯವರೇನ್ರಿ?"

"ಹೌದ್ರಿ!"

"ಜ್ವಾಳದ ಹಿಟ್ಟು ಐತಿ. ಅದರ ಕೆಳಗ ಮೆಣಸಿನಕಾಯಿ ಐತಿ. ದಿನಾ ಖಾರ ಕುಡಿಯೂ ಮೂಗು ನಿಮ್ದು, ಅದರ ಮ್ಯಾಲೆ ಈ ಕರೇದನ್ನ ಹೇರಿದ್ರ ಸ್ಟೇಜಿನ ಮ್ಯಾಲೆ ಸಾಹುಕಾರ ಅಲ್ಲೇ ಬಿದ್ದ ಬಿಡ್ತಾನ."

ಆಮೇಲೆ ಪೆಟ್ಟಿಗೆಯಿಂದ ಗಿಡ್ಡನೆಯ, ತಿಳಿ ಕಂದು ಬಣ್ಣದ ಒಂದನ್ನು ತೆಗೆದರು. ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರು. ಒಣಗಿದ್ದರೆ ಚರಚರ ಎನ್ನುತ್ತದಂತೆ. ಮೇಲಿನ ಎಲೆಯ ನರಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ತುದಿ ಕಚ್ಚಿ ಉಗುಳುವುದು ಸಿನಿಮಾದವರ ಕೆಲಸವೆಂದೂ, ಬ್ಲೇಡಿನಿಂದ ಮೇಲಿನ ಟೊಪ್ಪಿಗೆಯಷ್ಟನ್ನೇ ತೆಗೆಯಬೇಕೆಂದೂ ತೋರಿಸಿಕೊಟ್ಟರು. "ಕಡ್ಡಿ ಕೊರದ ಕೂಡ್ಲೆ ಹಚ್ಚಬ್ಯಾಡ್ರಿ, ಗಂಧಕದ ವಾಸನಿ ಹೋಗಲಿ. ಹೊಗಿ ಬಾಯಾಗ ಇರಬೇಕು, ಎದಿಗೆ ಇಳೀಬಾರದು. ಅವಸರ ಬ್ಯಾಡ. ಆರಿದ್ರ ಆರಲಿ ಬಿಡ್ರಿ, ಮತ್ತ ಹಚ್ಚಿದ್ರಾತು."

ನಾಟಕದ ದಿನ ಎರಡನೆಯ ಅಂಕದಲ್ಲಿ ನನಗೆ ಮಾತು ಮರೆತುಹೋಯಿತು. ಎದುರಿಗೆ ಊರಿಗೆ ಊರೇ ಕುಳಿತಿದೆ. ಏನೂ ತೋಚದೆ ಚಾಚಾ ಹೇಳಿದಂತೆ ಅವಸರವಿಲ್ಲದೆ ಒಂದು ಝುರಕಿ ಎಳೆದು, ಬಾಯಿಯಲ್ಲೇ ಇಟ್ಟುಕೊಂಡು, ಬಡವನ ಪಾತ್ರದವನ ಮುಖ ನೋಡುತ್ತ ಮೆಲ್ಲಗೆ ಬಿಟ್ಟೆ. ಅಷ್ಟರಲ್ಲಿ ಮಾತು ನೆನಪಾಯಿತು. ಜನ ಮಾತ್ರ ಅದನ್ನು ಸಾಹುಕಾರನ ಕ್ರೌರ್ಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಅಂದಿನಿಂದ ಸಾಹುಕಾರನ ಪಾತ್ರ ನನ್ನದೇ ಆಯಿತು. ನಾನು ಸೇದಿದ್ದು ಸ್ಟೇಜಿನ ಮೇಲೆ ಮಾತ್ರ. ಆದರೆ ಗಿರಣಿಯ ಬೆಲ್ಟು ತರಲು ಸವಣೂರಿಗೆ ಹೋದಾಗಲೆಲ್ಲ ಚಾಚಾರ ಅಂಗಡಿಯಲ್ಲಿ ಕುಳಿತು ಬರುವುದು ರೂಢಿಯಾಯಿತು. ಅಂಗಡಿಯ ಹಿಂದಿನ ಮನೆಯಿಂದ ಚಾಚಿ ಚಹಾ ಕಳಿಸುತ್ತಿದ್ದರು.

ಆಮೇಲೆ ಕರೋನಾ ಬಂತು. ಚಾಚಾಗೂ ಜ್ವರ ಬಂದು ಹೋಯಿತು. ಎಲ್ಲರೂ ಬದುಕಿಕೊಂಡೆವು ಎಂದು ನಿಟ್ಟುಸಿರು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅವರು ಅಂಗಡಿ ತೆರೆದು ಕುಳಿತಿದ್ದಾರೆ. ಪಕ್ಕದ ಖಾರದ ಅಂಗಡಿಯಿಂದ ಕರಿದ ವಾಸನೆಯೇ ಬರುತ್ತಿಲ್ಲ. ಎದ್ದು ಹೋಗಿ, "ಯಾಕಪಾ, ಇವತ್ತ ಎಣ್ಣಿ ಇಟ್ಟಿಲ್ಲೇನು?" ಎಂದು ಕೇಳಿದರಂತೆ. ಖಾರದವನು ಕರಿಯುವ ಝಾರಿ ಕೈಯಲ್ಲಿ ಹಿಡಿದುಕೊಂಡೇ ಅವರನ್ನು ನೋಡಿದ. ಅವರ ಮುಂದೆಯೇ ಕಡಾಯಿ ಕುದಿಯುತ್ತಿತ್ತು, ಖಾರ ಎಣ್ಣೆಯಲ್ಲಿ ಏಳುತ್ತಿತ್ತು. ಇದನ್ನು ಚಾಚಾ ನನಗೆ ನಗುನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಎಷ್ಟೋ ಜನರ ಮೂಗು ಹೋಗಿತ್ತು, ಕೆಲವು ವಾರಗಳಲ್ಲಿ ಬಂದಿತ್ತು. ಇವರದು ಬರಲಿಲ್ಲ. ಹಾವೇರಿಯ ಡಾಕ್ಟರರು ಕಾಯಬೇಕು ಎಂದರು. ಚಾಚಿ ಲವಂಗ, ನಿಂಬೆಸಿಪ್ಪೆ, ಅತ್ತರು ಎಂದು ದಿನಕ್ಕೊಂದು ಹಿಡಿದು ಮೂಸಿಸಿದರು. "ಗ್ವಾಡಿ ಮೂಸಿದಂಗ ಆಗತೈತ್ರಿ" ಎಂದು ಚಾಚಾ ನನಗೆ ಹೇಳಿದ ದನಿ ಇಂದಿಗೂ ಕಿವಿಯಲ್ಲಿದೆ. ಖಾರದವನು ಅವರ ಹಿತ ಬಯಸುವವನು. "ಯಾರ ಮುಂದೂ ಹೇಳಬ್ಯಾಡ ಚಾಚಾ. ಮೂಗು ಹೊರಗಿಂದ ಇದ್ದಂಗ ಐತಿ, ಒಳಗ ಯಾರ ನೋಡ್ತಾರ? ಯಾವ ಪೆಟಗ್ಯಾಗ ಏನೈತಿ ಅಂತ ನಿನಗ ಗೊತ್ತ ಐತಿ, ತಗದ ಕೊಟಗೋಂತ ಹೋಗು" ಎಂದ.

"ಬ್ಯಾರೆ ಯಾರೂ ನೋಡೂದಿಲ್ಲ ಖರೆ. ನಾ ನೋಡ್ತೇನಲ್ಲ" ಎಂದರು ಚಾಚಾ.

ಕೆಲವು ದಿನ ಬಾಗಿಲು ಹಾಕಿದರು. ಹೊಸಬರಿಗೆ ಆರಿಸಿ ಕೊಡಲಾಗದ ದಿನ ಮನೆಗೆ ಹೋಗುತ್ತೇನೆ ಎಂದವರು ಹೇಳಿದಂತೆಯೇ ಮಾಡಿದರಲ್ಲ ಎಂದು ನಾನು ನೊಂದುಕೊಂಡೆ. ಆದರೆ ಮುಂದಿನ ಸಲ ಹೋದಾಗ ಬಾಗಿಲು ತೆರೆದಿತ್ತು. ಚಾಚಾ ಒಳಗೆ ಕುಳಿತು, ಮೆಟ್ಟಿಲು ಹತ್ತಿದ ಪ್ರತಿಯೊಬ್ಬರಿಗೂ, ಅವರು ಏನು ಬೇಕೆಂದು ಬಾಯಿ ತೆರೆಯುವ ಮೊದಲೇ ಹೇಳುತ್ತಿದ್ದರು: "ನನ್ನ ಮೂಗು ಹೋಗೇತ್ರಿ. ನೀವ ಮೂಸಿ ಹೇಳ್ರಿ, ನಾ ಕೇಳಿ ಆರಿಸ್ತೇನಿ."

ಹುಚ್ಚು ಹಿಡಿಯಿತೆಂದವರುಂಟು. ಮೂಸುವುದೇ ನಾವಾದ ಮೇಲೆ ಇವರ್ಯಾಕೆ ಬೇಕು ಎಂದು ಶಿಗ್ಗಾಂವಿಯ ಅಂಗಡಿಗೆ ಹೋದ ಹಳೆಯ ಗಿರಾಕಿಗಳೂ ಉಂಟು. ಎಷ್ಟೋ ಸಂಜೆ ಆ ಮಳಿಗೆಯಲ್ಲಿ ನಾವಿಬ್ಬರೇ ಕುಳಿತಿರುತ್ತಿದ್ದೆವು. ಹೊಸ ಕಟ್ಟು ಬಂದರೆ ನನ್ನ ಕೈಗೆ ಕೊಟ್ಟು, "ಮೂಸ್ರಿ" ಎನ್ನುತ್ತಿದ್ದರು.

"ಚಲೋ ಐತ್ರಿ ಚಾಚಾ."

"ಚಲೋ ಅನ್ನೂದು ವಾಸನಿ ಅಲ್ರಿ, ಅದು ಸರ್ಟಿಫಿಕೇಟು. ಒಳಗ ಏನೈತಿ ಹೇಳ್ರಿ."

ಏನಿದೆ ಎಂದು ಹೇಳುವುದು? ನನಗೆ ತಂಬಾಕಿನಲ್ಲಿ ತಂಬಾಕೇ ಕಾಣುತ್ತಿತ್ತು. ಅವರು ಬಿಡುತ್ತಿರಲಿಲ್ಲ. ಬಿಸಿ ಐತೋ ತಂಪೋ? ಮನಿ ಒಳಗಿಂದೋ ಹೊಲದಾಗಿಂದೋ? ತಿನಬೇಕು ಅನಸತೈತೋ ಇಲ್ಲೋ? ಹೀಗೆ ಸಣ್ಣ ಮಗುವನ್ನು ಮಾತಾಡಿಸಿದಂತೆ ಕೇಳುತ್ತ ಹೋಗುತ್ತಿದ್ದರು. ಕೇಳಿ ಕೇಳಿ ಒಂದು ದಿನ ನನ್ನ ಬಾಯಿಯಿಂದ, "ಕಡ್ಲಿ ಹುರಿದ ಉಸುಕಿನ ವಾಸನಿರಿ" ಎಂದು ಬಂತು. ಚಾಚಾ ತೊಡೆ ತಟ್ಟಿಕೊಂಡು, "ಹಾಂ! ಈಗ ಕಾಣತು ನೋಡ್ರಿ ನನಗ" ಎಂದರು. 

ಅವರ ನಿಜವಾದ ದೊಡ್ಡತನ ನಾನು ಕಂಡದ್ದು ಚಿಕ್ಕೇರೂರಿನ ಆ ಮನುಷ್ಯ ಬಂದ ದಿನ. ಐವತ್ತು ದಾಟಿದ ರೈತ, ತಲೆಗೆ ರುಮಾಲು, ಇಸ್ತ್ರಿ ಮಾಡಿದ ಹೊಸ ಅಂಗಿ. ಮಗಳನ್ನು ಹಿರೇಬೆಂಡಿಗೇರಿಗೆ ಕೊಟ್ಟಿದ್ದನಂತೆ. ಬೀಗರು ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು ಚುಟ್ಟಾ ಹಚ್ಚುವವರು, ಇವನಿಗೂ ಒಂದು ಕೊಡುವವರು. "ನಾ ಒಲ್ಲೆ ಅಂದ್ರ ಬೀಗರು ಮಾರಿ ಸಣ್ಣ ಮಾಡ್ತಾರ್ರಿ. ಅವರು ಕೊಡೂದನ್ನ ಸೇದಿದ್ರ ನನಗ ತಲಿ ತಿರಗತೈತಿ. ಹೋದ ಸಲ ಮಗಳ ಮುಂದ ವಾಂತಿ ಮಾಡಕೊಂಡೇನಿ" ಎಂದು ತಲೆ ತಗ್ಗಿಸಿದ. ತನಗೆ ಸರಿಹೋಗುವಂಥದ್ದು ಒಂದು ಜೇಬಿನಲ್ಲಿದ್ದರೆ ಮರ್ಯಾದೆ ಉಳಿಯುತ್ತದೆ ಎಂದು ಬೀಗರು ಕೊಳ್ಳುವ ಅಂಗಡಿಯನ್ನೇ ಹುಡುಕಿಕೊಂಡು ಬಂದಿದ್ದ.

ಚಾಚಾ ತಮ್ಮ ಮೂಗಿನ ಸುದ್ದಿ ಹೇಳಿದರು. ಆ ಮನುಷ್ಯ ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಮೆತ್ತಗಿನ ಮೂರು ಚುಟ್ಟಾಗಳನ್ನು ಚಾಚಾ ಅವನ ಮುಂದಿಟ್ಟು ಕಣ್ಣು ಮುಚ್ಚಿ ಕುಳಿತರು.

ಮೊದಲನೆಯದನ್ನು ಮೂಸಿ ರೈತ ಹೇಳಿದ, "ಮಳ್ಯಾಗ ತೋಯ್ದ ಜ್ವಾಳದ ಕಣಕಿ ಬಣಿವಿರಿ ಇದು."

"ಹೂಂ. ಮುಂದಿಂದು."

"ಇದು... ಬೆಲ್ಲದ ಗಾಣ. ಕೊಪ್ಪರಿಗಿ ಬುಡಕ್ಕ ಸ್ವಲ್ಪ ಹತ್ತಿರತೈತಲ್ರಿ, ಅದು."

ಮೂರನೆಯದನ್ನು ಮೂಗಿಗೆ ಹಿಡಿದ. ಇನ್ನೊಮ್ಮೆ ಮೂಸಿದ. ಬೀದಿಯಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು. ಚಾಚಾ ಕಣ್ಣು ತೆರೆಯದೆ ಕಾದರು.

"ನಮ್ಮ ಅಪ್ಪನ ಕಂಬಳಿರಿ" ಎಂದ ಕೊನೆಗೆ. "ಹೊಲದಾಗ ಹೊಚಗೊಂಡ ಮಲಗತಿದ್ದ. ನಾ ಅದರೊಳಗ ಹೊಕ್ಕೊತಿದ್ದೆ. ಇದನ್ನ ಕೊಡ್ರಿ ನನಗ. ಇದ ಆತು."

ಚಾಚಾ ಕಣ್ಣು ತೆರೆದು ಆ ಚುಟ್ಟಾವನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಇದು ಬ್ಯಾಡ್ರಿ."

"ಯಾಕ್ರಿ? ಮೂರರಾಗ ನನಗ ಸೇರಿದ್ದು ಇದ."

"ಅದಕ್ಕ ಬ್ಯಾಡ ಅಂದೆ. ಅಪ್ಪನ ಕಂಬಳಿಗೆ ಯಾರರ ಬೆಂಕಿ ಹಚ್ಚತಾರೇನ್ರಿ?"

ಹೀಗೆಂದು, ಅದನ್ನು ಒಂದು ಕಾಗದದಲ್ಲಿ ಸುತ್ತಿ ಅವನ ಅಂಗಿಯ ಮೇಲಿನ ಜೇಬಿನಲ್ಲಿ ತಾವೇ ಇಟ್ಟರು. "ಇದು ಸೇದಾಕಲ್ಲ, ಇಟಗೊಳ್ಳಾಕ." ಆಮೇಲೆ ಗಾಣದ ವಾಸನೆಯದನ್ನು ಎತ್ತಿ, "ಬೀಗರ ಮುಂದ ಇದನ್ನ ಹಚ್ರಿ. ಊಟ ಆದ ಮ್ಯಾಲೆ ಬೆಲ್ಲ ಯಾರಿಗೆ ಬ್ಯಾಡ ಆಗತೈತಿ?" ಎಂದು ಹಚ್ಚುವ ಬಗೆ, ಹೊಗೆ ಬಾಯಲ್ಲಿ ಇಟ್ಟುಕೊಳ್ಳುವ ಬಗೆ ಎಲ್ಲವನ್ನೂ ನನಗೆ ಹೇಳಿಕೊಟ್ಟಂತೆಯೇ ಹೇಳಿಕೊಟ್ಟರು. ಆ ಮನುಷ್ಯ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಮೆಟ್ಟಿಲು ಇಳಿದು ಹೋದ.

ನಾನು ಬೆರಗಾಗಿ ಕುಳಿತುಬಿಟ್ಟಿದ್ದೆ. ಮೂಗಿದ್ದ ಕಾಲದ ಚಾಚಾ ಅವನ ಅಂಗೈ ಮೂಸಿ ಒಂದೇ ನಿಮಿಷಕ್ಕೆ ಮೂರನೆಯದನ್ನೇ ಆರಿಸಿ ಕೊಟ್ಟುಬಿಡುತ್ತಿದ್ದರು. ಅದು ಮೆತ್ತಗಿನ, ಒಳ್ಳೆಯ ತಂಬಾಕು, ತಪ್ಪೇನೂ ಆಗುತ್ತಿರಲಿಲ್ಲ. ಅವನು ಬೀಗರ ಕಟ್ಟೆಯ ಮೇಲೆ ಕುಳಿತು ಏನನ್ನು ಸುಡುತ್ತಿದ್ದೇನೆಂದು ತಿಳಿಯದೆ ಸುಟ್ಟಿರುತ್ತಿದ್ದ. ಕಂಬಳಿ ಎಂಬ ಮಾತೇ ಆ ಅಂಗಡಿಯಲ್ಲಿ ಹುಟ್ಟುತ್ತಿರಲಿಲ್ಲ. ಇದನ್ನು ಚಾಚಾಗೆ ಹೇಳಿದೆ. ಅವರು ಉಳಿದ ಚುಟ್ಟಾವನ್ನು ಪೆಟ್ಟಿಗೆಗೆ ಹಾಕುತ್ತ, "ಅದನ್ನ ವಿಚಾರ ಮಾಡಾಕತ್ತಿದ್ದೆ ನಾನೂ" ಎಂದಷ್ಟೇ ಹೇಳಿದರು.

ಮುಂದಿನ ತಿಂಗಳು ಆ ರೈತ ಬೀಗರನ್ನೇ ಕರೆದುಕೊಂಡು ಬಂದನಂತೆ. ಬೀಗರು ತಮ್ಮ ಹಳೆಯ ಚುಟ್ಟಾವನ್ನು ಮೂಸಿ, ಇಷ್ಟು ವರ್ಷ ಇದರಲ್ಲಿ ಏನಿದೆ ಎಂದು ನೋಡಿಯೇ ಇರಲಿಲ್ಲವಲ್ಲ ಎಂದು ಬೇರೆಯದನ್ನು ಆರಿಸಿಕೊಂಡು ಹೋದರಂತೆ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಶಿಗ್ಗಾಂವಿಗೆ ಹೋದವರು ಮೋರೆ ತಿರುಗಿಸಿಕೊಂಡೇ ವಾಪಸು ಬಂದರು. ಮಳಿಗೆಯ ಮೆಟ್ಟಿಲ ಮೇಲೆ ಮತ್ತೆ ಜನ ನಿಲ್ಲತೊಡಗಿದರು. ಬಂಕಾಪುರದಿಂದ ಒಬ್ಬ ಹೆಣ್ಣುಮಗಳು ಬಂದು, ತಾನು ಸೇದುವವಳಲ್ಲ, ತೀರಿಹೋದ ತನ್ನ ಗಂಡನ ಅಂಗಿಯ ವಾಸನೆ ಯಾವ ಪೆಟ್ಟಿಗೆಯಲ್ಲಿದೆ ನೋಡಬೇಕು ಎಂದಾಗ ಚಾಚಾ ಪೆಟ್ಟಿಗೆಗಳನ್ನೆಲ್ಲ ತೆರೆದಿಟ್ಟು ಹೊರಗೆ ಬಂದು ನಿಂತರು. ಆಕೆ ಕಣ್ಣೊರೆಸಿಕೊಂಡು ಎದ್ದುಹೋಗುವವರೆಗೆ ಯಾವ ಗಿರಾಕಿಯನ್ನೂ ಒಳಗೆ ಬಿಡಲಿಲ್ಲ.

ನನಗೂ ಆ ಅಂಗಡಿ ಒಂದು ಮೂಗು ಕೊಟ್ಟಿತು ಎಂದೇ ಹೇಳಬೇಕು. ಅಷ್ಟು ವರ್ಷ ಹಿಟ್ಟಿನಲ್ಲಿ ಮುಳುಗಿದ್ದರೂ ಹಿಟ್ಟಿನ ವಾಸನೆ ನನಗೆ ಗೊತ್ತಿರಲಿಲ್ಲ. ಈಗ ಕಲ್ಲಿನಿಂದ ಬಿಸಿಬಿಸಿಯಾಗಿ ಇಳಿಯುವ ಜೋಳದ ಹಿಟ್ಟಿಗೆ ಕೂಸಿನ ನೆತ್ತಿಯ ವಾಸನೆ ಇದೆ ಎಂದು ಗೊತ್ತು. ನೆಲದೊಳಗಿನ ಹಗೇವಿನಲ್ಲಿ ನೀರು ಹೊಕ್ಕ ಜೋಳವನ್ನು ಚೀಲ ಬಿಚ್ಚುವ ಮೊದಲೇ ಹೇಳಬಲ್ಲೆ. ಗಿರಣಿಗೆ ಬಂದ ಹೆಣ್ಣುಮಕ್ಕಳಿಗೆ, "ನಿಮ್ಮ ಹಿಟ್ಟು ಮೂಸಿ ನೋಡ್ರಿ" ಎಂದರೆ ಮೊದಮೊದಲು ನಗುತ್ತಿದ್ದರು. ಈಗ ಅವರೇ ಮೂಸಿ, ಇದು ಹೋದ ವರ್ಷದ ಜೋಳ, ಇದು ಎರಿಹೊಲದ್ದು ಎಂದು ತಮ್ಮತಮ್ಮಲ್ಲೇ ವಾದ ಹಾಕುತ್ತಾರೆ.

ಚಾಚಾ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮಧ್ಯಾಹ್ನದ ನಮಾಜಿಗೆಂದು ಕೈಕಾಲು ತೊಳೆಯಲು ಎದ್ದವರು ಹಾಗೆಯೇ ಗೋಡೆಗೆ ಒರಗಿ ಕುಳಿತರಂತೆ. ಮಣ್ಣಿಗೆ ಹೋಗಿ ಬಂದೆ. ಚಾಚಿ, ಗಂಡ ತೀರಿದವರು ಪಾಲಿಸುವ ಇದ್ದತ್ ಮುಗಿಯುವವರೆಗೆ, ಹೊರಗಿನವರಿಗೆ ಕಾಣುವಂತಿರಲಿಲ್ಲ. ಅದು ಮುಗಿದ ಮೇಲೆ ಒಂದು ದಿನ ಮನೆಗೆ ಹೋದೆ. ಒಳಗಿನ ಬಾಗಿಲ ಹತ್ತಿರ ಕುಳಿತು ಮಾತಾಡಿದರು. ಚಾಚಾರ ಸುದ್ದಿ ಬಿಟ್ಟು ಬೇರೆ ಏನಿದ್ದೀತು? ಮೂಗಿಲ್ಲದೆಯೂ ಅವರು ಅಂಗಡಿ ನಡೆಸಿದ್ದನ್ನು ಜನ ಇನ್ನೂ ಹೇಳುತ್ತಾರೆ ಎಂದೆ.

 "ಮೂಗು ಬಂದಿತ್ತರಿ ಅವರಿಗೆ" ಎಂದರು ಚಾಚಿ.

ನನಗೆ ಅರ್ಥವಾಗಲಿಲ್ಲ.

"ಎರಡ ವರ್ಷದ ಮ್ಯಾಲಾತು. ಒಂದ ದಿನ ಊಟಕ್ಕ ಬಂದವರು ಹೊಸ್ತಲಾ ದಾಟೂಕಿಂತ ಮೊದಲ, ಮೆಂತೇ ಪಲ್ಯ ಮಾಡೀಯೇನು ಅಂದ್ರು. ನನ್ನ ಕೈಯಾನ ಪರಾತ ಕೆಳಗ ಬಿತ್ತು. ಇಬ್ಬರೂ ಅತ್ತವಿ. ಓಣಿಗೆಲ್ಲ ಸಕ್ಕರಿ ಹಂಚತೇನಿ ಅಂತ ನಾ ಎದ್ರ, ಕೈ ಹಿಡದು ಕುಂದರಿಸಿದ್ರು. ಯಾರಿಗೂ ಹೇಳಬ್ಯಾಡ ಅಂದ್ರು."

"ಯಾಕ್ರಿ ಚಾಚಿ? ಮೂಗು ಬಂದ ಮ್ಯಾಲೂ ಎಲ್ಲಾರಿಗೂ ಮೂಸಿ ಹೇಳ್ರಿ ಅಂತಿದ್ರಲ್ರಿ?"

"ನಾನೂ ಅದನ್ನ ಕೇಳಿದೆ. ಬಂದೈತಿ ಅಂತ ಗೊತ್ತಾದ್ರ ಅವರು ಮೂಸೂದು ಬಿಟ್ಟು ನನ್ನ ಮಾರಿ ನೋಡ್ಕೋಂತ ನಿಂದರತಾರ ಅಂದ್ರು."

ಹತ್ತಿಮತ್ತೂರಿನ ಬಸ್ಸಿಗೆ ಕಾಯುತ್ತ ನಿಂತಾಗ ಆ ಎರಡು ವರ್ಷದ ಸಂಜೆಗಳು ಒಂದೊಂದಾಗಿ ನೆನಪಿಗೆ ಬಂದವು. ಎಷ್ಟು ಕಟ್ಟುಗಳನ್ನು ಅವರ ಆ ಉದ್ದನೆಯ ಮೂಗಿನಿಂದ ಒಂದು ಮೊಳ ದೂರದಲ್ಲಿ ಹಿಡಿದುಕೊಂಡು, ಇದು ಹುರಿದ ಎಳ್ಳು, ಇದು ಹಳೆಯ ಟ್ರಂಕು ಎಂದು ನಾನು ವಿವರಿಸಿದ್ದೆನೋ. ನೆಗಡಿಯಾದ ದಿನ ಕೂಡ ಹೇಳಿದ್ದೆ. ಅವರು ಕಣ್ಣು ಮುಚ್ಚಿ, ತಮಗೆ ಏನೂ ತಿಳಿಯದವರ ಹಾಗೆ, ಹೌದೇನ್ರಿ, ಆಮ್ಯಾಲೇನ್ರಿ ಎಂದು ಕೇಳುತ್ತಿದ್ದರು. ಒಮ್ಮೆಯೂ ನನ್ನನ್ನು ತಿದ್ದಿರಲಿಲ್ಲ.